ಪೈನ್ ಮರದ ಸೂತ್ರ ಪದವಿನ ಅಕೇಶಿಯಾಕ್ಕೆ ಹೊಂದೀತೇ?

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮ ಪದವಿನ (ಮುರಕಲ್ಲಿನ ಎತ್ತರದ ಬಯಲಿನ) ಜಾಗದಲ್ಲಿ ಸುಮಾರು ಹದಿನಾಲ್ಕು ವರ್ಷದ ಅಕೇಶಿಯಾ ತೋಪಿದೆ. ಮಾರುವ ಮೊದಲು ಎಷ್ಟು ಮರಮಟ್ಟು ಸಿಗಬಹುದೆಂದು ನಾವೇ ಲೆಕ್ಕ ಹಾಕೋಣವೆಂದು ಎಲ್ಲ ಮರಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆದೆವು. ಎತ್ತರ ಅಳೆಯುವುದು ಕಷ್ಟವಾದ್ದರಿಂದ ರಸ್ತೆಬದಿಯ 36 ಮರಗಳದ್ದನ್ನು ಮಾತ್ರ ತೆಗೆದುಕೊಂಡೆವು. ಮಂಗಳೂರಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿರುವ ಮಗಳು ವ್ಯಾಸಕ್ಕೂ ಎತ್ತರಕ್ಕೂ ಸರಳರೇಖೆ ಹೊಂದಿಸಿದಾಗ ಆರ್ ಸ್ಕ್ವೇರ್ (ರೇಖೆ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂಬುದರ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 0.61 ಬಂತು. ಆಮೇಲೆ ಪೈನ್ ನೆಡುತೋಪುಗಳಿಗೆ ಬಳಸುವ ಒಂದು ಸೂತ್ರ ಅವಳಿಗೆ ಸಿಕ್ಕಿತು. ಅದನ್ನು ನಮ್ಮ ಅಂಕಿಗಳಿಗೆ ಹೊಂದಿಸಿದರೆ 0.96 ಬರುತ್ತದೆ, ಆದರೆ ಸೂತ್ರದ ಜೊತೆ ಕೊಟ್ಟಿದ್ದ ಗುಣಾಂಕಗಳನ್ನೇ ಹಾಕಿದರೆ ಎತ್ತರಗಳೆಲ್ಲ ವಿಪರೀತ ಬರುತ್ತವೆ. ಪೈನ್ ಸೂತ್ರ ನಮ್ಮ ಮರಗಳಿಗೆ ನಡೆಯುತ್ತದೆಯೇ?

ಉತ್ತರ: ಸೂತ್ರದ ಆಕಾರವನ್ನು ನೀವು ಧಾರಾಳವಾಗಿ ಬಳಸಬಹುದು, ಅದರ ಜೊತೆಗೆ ಬಂದ ಗುಣಾಂಕಗಳನ್ನು ಮಾತ್ರ ಬಿಟ್ಟುಬಿಡಬೇಕು. ಕೇಳಿದ್ದಕ್ಕೆ ಇಷ್ಟೇ ಉತ್ತರ ಸಾಕಾಗುತ್ತಿತ್ತು. ಆದರೆ ಪತ್ರದಲ್ಲಿ ನೀವು ಪ್ರಶ್ನೆಯಾಗಿ ಕೇಳದೆ ಸಹಜವೆಂಬಂತೆ ಹೇಳಿಬಿಟ್ಟ ಎರಡು ಸಂಗತಿಗಳು, ಅಂದರೆ 0.96 ಎಂಬ ಆ ಅಂಕಿ ಮತ್ತು ರಸ್ತೆಬದಿಯ ಆ 36 ಮರಗಳು, ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಇಂತಹ ಸೂತ್ರಗಳು ಬಹುಪಾಲು ಪೈನ್ ಮತ್ತು ಅದರ ಹತ್ತಿರದ ಬಳಗದ ಮರಗಳ ಹೆಸರಿನಲ್ಲೇ ಸಿಗುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯಲ್ಲಾಗಲಿ ಪಶ್ಚಿಮ ಘಟ್ಟದಲ್ಲಾಗಲಿ ತಾನಾಗಿ ಬೆಳೆಯುವ ಪೈನ್ ಇಲ್ಲ. ನಮ್ಮವರು ಕಂಡಿರುವುದು ಊಟಿ, ಕೊಡೈಕೆನಾಲ್‌ಗಳಲ್ಲಿ ನೆಟ್ಟು ಬೆಳೆಸಿದ, ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ತೋಪುಗಳನ್ನು. ಹಿಮಾಲಯದ ಚೀರ್ ಪೈನ್ ಮತ್ತು ಮೇಘಾಲಯದ ಖಾಸಿ ಪೈನ್‌ಗಳು ಭಾರತದ ಸ್ವಂತ ನೆಲದವು. ಹೊರದೇಶಗಳಲ್ಲಾದರೆ ನ್ಯೂಜಿಲೆಂಡ್ ಮತ್ತು ಚಿಲಿಯಲ್ಲಿ ಕ್ಯಾಲಿಫೋರ್ನಿಯಾ ಮೂಲದ ರೇಡಿಯೇಟಾ ಪೈನ್, ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಲೋಬ್ಲಾಲಿ ಪೈನ್ ಬಹು ದೊಡ್ಡ ವಿಸ್ತಾರದಲ್ಲಿ ನೆಡಲ್ಪಟ್ಟಿವೆ. ಒಂದೇ ವರ್ಷ ನೆಟ್ಟ, ಒಂದೇ ಕಾಂಡದ, ನೆಟ್ಟಗೆ ಏರುವ, ಮೊನಚು ತುದಿ ದೂರದಿಂದಲೇ ಸ್ಪಷ್ಟವಾಗಿ ಕಾಣುವ ಮರಗಳು ಸಾಲಾಗಿ ನಿಂತಿರುವಾಗ ಅಳತೆಗಾರನಿಗೆ ಅದಕ್ಕಿಂತ ಹೆಚ್ಚಿನ ಅನುಕೂಲ ಬೇರೆ ಬೇಕಿಲ್ಲ. ನಿಮ್ಮ ಅಕೇಶಿಯಾದಲ್ಲಿ ಈ ಗುಣಗಳ ಪೈಕಿ ಇರುವುದು ಒಂದೇ: ಎಲ್ಲವೂ ಒಟ್ಟಿಗೆ ನೆಟ್ಟವು. ಉಳಿದದ್ದರಲ್ಲಿ ಅದು ತದ್ವಿರುದ್ಧ.

ನಿಮ್ಮ ಮಗಳಿಗೆ ಸಿಕ್ಕಿರುವುದು, ಪತ್ರದ ವಿವರ ನೋಡಿದರೆ, ಸ್ವೀಡನ್ನಿನ ನ್ಯಾಸ್ಲುಂಡ್ 1930ರ ದಶಕದಲ್ಲಿ ಅಲ್ಲಿನ ಪೈನ್ ಕಾಡುಗಳ ಪ್ರಯೋಗಗಳಿಗೆ ಬಳಸಿದ ಸೂತ್ರವಿರಬೇಕು. ಅದು ಹೀಗಿದೆ:

ಎತ್ತರ = 1.37 + [ವ್ಯಾಸ ÷ (ಕ + ಖ × ವ್ಯಾಸ)]²

ಇಲ್ಲಿ ಎತ್ತರ ಮೀಟರಿನಲ್ಲಿ, ವ್ಯಾಸ ಸೆಂಟಿಮೀಟರಿನಲ್ಲಿ. ಕ ಮತ್ತು ಖ ಎಂಬುವೇ ಗುಣಾಂಕಗಳು, ಅಂದರೆ ಅಳತೆಗಳಿಗೆ ಹೊಂದಿಸಿ ಕಂಡುಕೊಳ್ಳುವ ಸಂಖ್ಯೆಗಳು. ನೀವು ಅಳೆದ ಸುತ್ತಳತೆಯನ್ನು 3.1416ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. 1.37 ಎಂಬುದು ಸುತ್ತಳತೆ ತೆಗೆಯಲು ಭಾರತದಲ್ಲಿ ರೂಢಿಯಲ್ಲಿರುವ ಎದೆಮಟ್ಟ, ಅಂದರೆ ಹಳೆಯ ನಾಲ್ಕೂವರೆ ಅಡಿ. ಯುರೋಪಿನ ಪ್ರಬಂಧಗಳಲ್ಲಿ ಇದರ ಜಾಗದಲ್ಲಿ 1.3 ಇರುತ್ತದೆ. ಈ ಸಂಖ್ಯೆ ಸೂತ್ರದೊಳಗೆ ಸುಮ್ಮನೆ ಕುಳಿತಿಲ್ಲ. ಒಂದು ಸಸಿ ನಿಮ್ಮ ಎದೆಮಟ್ಟವನ್ನು ಈಗಷ್ಟೇ ಮುಟ್ಟಿದೆ ಎನ್ನಿ. ಆ ಮಟ್ಟದಲ್ಲಿ ಅದರ ವ್ಯಾಸ ಸೊನ್ನೆ, ಎತ್ತರ 1.37. ವಕ್ರರೇಖೆ ಅಲ್ಲಿಂದಲೇ ಹೊರಡಬೇಕು, ಮೊದಲು ಚುರುಕಾಗಿ ಏರಬೇಕು, ಆಮೇಲೆ ನಿಧಾನವಾಗಿ ಬಾಗುತ್ತ ಒಂದು ಮಿತಿಯ ಕಡೆಗೆ ಸಾಗಬೇಕು. ಮರವು ಬೆಳಕಿಗಾಗಿ ಪೈಪೋಟಿ ನಡೆಸುವಷ್ಟು ಕಾಲ ಮೇಲಕ್ಕೆ ಓಡುತ್ತದೆ, ಕ್ರಮೇಣ ಎತ್ತರದ ಓಟ ನಿಧಾನವಾದ ಮೇಲೂ ದಪ್ಪವಾಗುವುದನ್ನು ಬಿಡುವುದಿಲ್ಲ. ಈ ನಡವಳಿಕೆ ಪೈನ್‌ಗೂ ಅಕೇಶಿಯಾಕ್ಕೂ ಸಾಗುವಾನಿಗೂ ಸಮಾನವಾದ್ದರಿಂದಲೇ ಸೂತ್ರದ ಆಕಾರವನ್ನು ಎರವಲು ತರಬಹುದು ಎಂದದ್ದು.

ಸರಳರೇಖೆಯಲ್ಲಿ ಏನು ಕೆಡುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಒಂದು ತೋಪಿನಲ್ಲಿ 10 ಸೆಂ.ಮೀ. ವ್ಯಾಸದ ಮರಗಳು 11 ಮೀಟರ್, 20 ಸೆಂ.ಮೀ. ವ್ಯಾಸದವು 16.5 ಮೀಟರ್ ಇವೆ ಎಂದಿಟ್ಟುಕೊಳ್ಳಿ. ಇವೆರಡರ ಮೂಲಕ ಸರಳರೇಖೆ ಎಳೆದರೆ ಸೆಂಟಿಮೀಟರಿಗೆ 0.55 ಮೀಟರ್ ಏರಿಕೆ, 30 ಸೆಂ.ಮೀ.ಯ ಮರಕ್ಕೆ 22 ಮೀಟರ್ ಎತ್ತರ ಬರುತ್ತದೆ, ವ್ಯಾಸ ಸೊನ್ನೆಯಾದಲ್ಲಿ ಐದೂವರೆ ಮೀಟರಿನ ಸಸಿಯೂ ಹುಟ್ಟಿಕೊಳ್ಳುತ್ತದೆ. ಅದೇ ಎರಡು ಬಿಂದುಗಳಿಗೆ ಮೇಲಿನ ಸೂತ್ರವನ್ನು ಹೊಂದಿಸಿದರೆ ಕ ಸುಮಾರು 1.30, ಖ ಸುಮಾರು 0.192 ಆಗುತ್ತದೆ, 30 ಸೆಂ.ಮೀ.ಯ ಮರಕ್ಕೆ 19.4 ಮೀಟರ್ ಸಿಗುತ್ತದೆ. ನಡುವಿನ 15 ಸೆಂ.ಮೀ.ಯಲ್ಲಿ ಎರಡರ ವ್ಯತ್ಯಾಸ ಅರ್ಧ ಮೀಟರ್ ಮಾತ್ರ. ಅಂದರೆ ಮಧ್ಯಮ ಗಾತ್ರದ ಮರಗಳಲ್ಲಿ ಸರಳರೇಖೆ ಸಾಧುವಾಗಿಯೇ ಕಾಣುತ್ತದೆ, ಹೆಚ್ಚು ಬೆಲೆ ಬಾಳುವ ದಪ್ಪ ಮರಗಳಲ್ಲಿ ಎರಡೂವರೆ ಮೀಟರಿಗೂ ಹೆಚ್ಚು ಸುಳ್ಳು ಹೇಳುತ್ತದೆ. ಮಾರಾಟದ ಲೆಕ್ಕದಲ್ಲಿ ತಪ್ಪು ಇಂತಹ ಜಾಗದಲ್ಲೇ ಆಗಬಾರದು.

ಈಗ ಆ 0.96ರ ವಿಷಯ. ಮಗಳು ಸೂತ್ರವನ್ನು ಸರಳರೇಖೆಯ ರೂಪಕ್ಕೆ ತಿರುಗಿಸಿ ಹೊಂದಿಸಿರಬೇಕು. ಎತ್ತರದಿಂದ 1.37 ಕಳೆದು, ಅದರ ವರ್ಗಮೂಲದಿಂದ ವ್ಯಾಸವನ್ನು ಭಾಗಿಸಿದರೆ ಬರುವ ಸಂಖ್ಯೆಯು ‘ಕ + ಖ × ವ್ಯಾಸ’ಕ್ಕೆ ಸಮನಾಗುತ್ತದೆ, ಆಗ ಎಕ್ಸೆಲ್‌ನಲ್ಲಿಯೂ ಎರಡು ನಿಮಿಷದ ಕೆಲಸ. ಆದರೆ ಗಮನಿಸಿ: ಈಗ ಸಮೀಕರಣದ ಎರಡೂ ಬದಿಯಲ್ಲಿ ವ್ಯಾಸವಿದೆ. ವ್ಯಾಸವು 10ರಿಂದ 30ಕ್ಕೆ ಮೂರು ಪಟ್ಟು ಬದಲಾಗುವಾಗ ಎತ್ತರದ ವರ್ಗಮೂಲವು ಸುಮಾರು 3.1ರಿಂದ 4.2ರ ನಡುವೆ ಮಾತ್ರ ಆಡುತ್ತದೆ, ಆದ್ದರಿಂದ ಎಡಬದಿಯಲ್ಲಿ ಇರುವುದು ಹೆಚ್ಚುಕಡಿಮೆ ವ್ಯಾಸವೇ. ವ್ಯಾಸವನ್ನು ವ್ಯಾಸದಿಂದಲೇ ಊಹಿಸಿದರೆ 0.96 ಬರದೆ ಇನ್ನೇನು ಬಂದೀತು? ನಂಬಿಕೆ ಬಾರದಿದ್ದರೆ ಮಗಳು ಒಂದು ಪರೀಕ್ಷೆ ಮಾಡಲಿ. ಅಳೆದ 36 ಎತ್ತರಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ಯಾರ ಎತ್ತರ ಯಾರಿಗಾದರೂ ಬೀಳುವಂತೆ ಹಂಚಿ, ಮತ್ತೊಮ್ಮೆ ಅದೇ ರೇಖೆ ಹೊಂದಿಸಲಿ. ಸಂಬಂಧವೇ ಇಲ್ಲದ ಆ ಅಂಕಿಗಳಿಗೂ ಆರ್ ಸ್ಕ್ವೇರ್ ಬಹಳ ದೊಡ್ಡದಾಗಿಯೇ ಬರುತ್ತದೆ. ಹಾಗಾಗಿ 0.61 ಮತ್ತು 0.96 ಅನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸುವಂತೆಯೇ ಇಲ್ಲ.

ಹೋಲಿಸಬೇಕಾದದ್ದು ಮೀಟರಿನಲ್ಲಿ. ಪ್ರತಿ ಸೂತ್ರವೂ ಪ್ರತಿ ಮರಕ್ಕೆ ಕೊಡುವ ಎತ್ತರವನ್ನು ಅಳೆದ ಎತ್ತರದಿಂದ ಕಳೆಯಿರಿ. ಈ ವ್ಯತ್ಯಾಸಗಳ ವರ್ಗಗಳ ಸರಾಸರಿಯ ವರ್ಗಮೂಲ ತೆಗೆಯಿರಿ. ‘ಸಾಮಾನ್ಯವಾಗಿ ಇಷ್ಟು ಮೀಟರ್ ತಪ್ಪುತ್ತೇವೆ’ ಎಂದು ಅದು ನೇರವಾಗಿ ಹೇಳುತ್ತದೆ. ಅದಕ್ಕಿಂತಲೂ ಮುಖ್ಯವಾಗಿ ಆ ವ್ಯತ್ಯಾಸಗಳನ್ನು ವ್ಯಾಸದ ಎದುರು ಚುಕ್ಕೆಗಳಾಗಿ ಇಟ್ಟು ನೋಡಿ. ಚುಕ್ಕೆಗಳು ಸೊನ್ನೆಯ ಗೆರೆಯ ಮೇಲೂ ಕೆಳಗೂ ಸಮನಾಗಿ ಹರಡಿದ್ದರೆ ಸರಿ. ತೆಳ್ಳಗಿನ ಮರಗಳಲ್ಲಿ ಕೆಳಗೆ, ನಡುವಿನವಲ್ಲಿ ಮೇಲೆ, ದಪ್ಪದವಲ್ಲಿ ಮತ್ತೆ ಕೆಳಗೆ ಹೀಗೆ ಬಿಲ್ಲಿನಂತೆ ಬಾಗಿದ್ದರೆ ಸರಳರೇಖೆಯನ್ನು ಕೈಬಿಡಲು ಬೇರೆ ಸಾಕ್ಷಿ ಬೇಕಿಲ್ಲ. ತಿರುಗಿಸಿದ ರೂಪದಿಂದ ಸಿಕ್ಕ ಕ, ಖ ಬೆಲೆಗಳನ್ನು ಆರಂಭಿಕ ಅಂದಾಜಾಗಿ ಇಟ್ಟುಕೊಂಡು, ಮೂಲ ಸೂತ್ರವನ್ನೇ ಎಕ್ಸೆಲ್‌ನ ಸಾಲ್ವರ್‌ನಲ್ಲಿ ಅಥವಾ ಆರ್ ತಂತ್ರಾಂಶದಲ್ಲಿ ನೇರವಾಗಿ ಹೊಂದಿಸುವುದು ಸರಿಯಾದ ದಾರಿ.

ಬೇರೆ ಆಕಾರಗಳನ್ನೂ ಪ್ರಯತ್ನಿಸಬಹುದು. ಚಾಪ್‌ಮನ್-ರಿಚರ್ಡ್ಸ್ ಎಂಬ ಹೆಸರಿನ, ಮೂರು ಗುಣಾಂಕಗಳ ಸೂತ್ರ ಅರಣ್ಯಶಾಸ್ತ್ರದಲ್ಲಿ ಎಲ್ಲೆಡೆ ಕಾಣುತ್ತದೆ. ಅದನ್ನು 1959ರಲ್ಲಿ ರಿಚರ್ಡ್ಸ್ ಸಸ್ಯಗಳ ಬೆಳವಣಿಗೆಗೆಂದು ಬರೆದರೆ 1961ರಲ್ಲಿ ಚಾಪ್‌ಮನ್ ಮೀನುಗಳ ಲೆಕ್ಕಕ್ಕೆ ಬಳಸಿದ್ದರು, ಮಲ್ಪೆಯ ದಕ್ಕೆಯಲ್ಲಿ ನಿಂತು ಇದನ್ನು ಹೇಳಿದರೆ ನಂಬುವವರು ಸಿಗಬಹುದು. ಆದರೆ 36 ಮರಗಳಿಂದ ಮೂರು ಗುಣಾಂಕಗಳನ್ನು ಹಿಂಡಲು ಹೋದರೆ ಅವು ಒಂದನ್ನೊಂದು ಎಳೆದಾಡುತ್ತವೆ, ಮೇಲಿನ ಮಿತಿ 25 ಮೀಟರೋ 45 ಮೀಟರೋ ಎಂಬುದು ಒಂದೆರಡು ದಪ್ಪ ಮರಗಳ ಮರ್ಜಿಗೆ ಬೀಳುತ್ತದೆ. ನಿಮ್ಮ ಕೆಲಸಕ್ಕೆ ಎರಡು ಗುಣಾಂಕಗಳ ಸೂತ್ರವೇ ಸಾಕು. ಒಂದನ್ನು ಮಾತ್ರ ಪರೀಕ್ಷಿಸಿ: ಉತ್ತರ ಯುರೋಪಿನಲ್ಲಿ ನ್ಯಾಸ್ಲುಂಡ್ ಸೂತ್ರದ ಘಾತವನ್ನು ಪೈನ್‌ಗೆ 2 ಎಂದೂ ಸ್ಪ್ರೂಸ್‌ಗೆ 3 ಎಂದೂ ಇಟ್ಟುಕೊಳ್ಳುವ ರೂಢಿಯಿದೆ. ಅಕೇಶಿಯಾಕ್ಕೆ ಎರಡನ್ನೂ ಹೊಂದಿಸಿ, ಮೀಟರಿನಲ್ಲಿ ಕಡಿಮೆ ತಪ್ಪುವುದನ್ನು ಇಟ್ಟುಕೊಳ್ಳಿ. ಲಾಗರಿತಮ್ ತೆಗೆದು ಹೊಂದಿಸುವ ಸೂತ್ರಗಳನ್ನು ಬಳಸುವುದಾದರೆ, ಮರಳಿ ಮೀಟರಿಗೆ ತಿರುಗಿಸುವಾಗ ಸರಾಸರಿ ಎತ್ತರ ಸ್ವಲ್ಪ ಕಡಿಮೆ ಬೀಳುತ್ತದೆ ಎಂಬುದನ್ನು ಮರೆಯದೆ ತಿದ್ದುಪಡಿ ಸೇರಿಸಬೇಕಾಗುತ್ತದೆ.

ಗುಣಾಂಕಗಳು ಏಕೆ ಪ್ರಯಾಣ ಮಾಡುವುದಿಲ್ಲ? ಹಿಂದೆ ಒಂದೊಂದು ಊರಿನ ಸೇರು ಒಂದೊಂದು ಅಳತೆಯಾಗಿದ್ದ ಹಾಗೆ, ಒಂದೊಂದು ತೋಪಿನ ಕ ಮತ್ತು ಖ ಆ ತೋಪಿನವೇ. ಜಾತಿ ಬೇರೆ ಎಂಬುದು ಕಾರಣಗಳಲ್ಲಿ ಒಂದು ಮಾತ್ರ. ಒಂದೇ ಜಾತಿಯೊಳಗೂ ಅವು ಬದಲಾಗುತ್ತವೆ. ವಯಸ್ಸನ್ನೇ ತೆಗೆದುಕೊಳ್ಳಿ. ಎಂಟು ವರ್ಷದ ತೋಪಿನಲ್ಲಿ 20 ಸೆಂ.ಮೀ. ವ್ಯಾಸದ ಮರ ಎಂದರೆ ಎಲ್ಲರಿಗಿಂತ ಮುಂದೆ ಓಡಿದ್ದು. ಹದಿನಾರು ವರ್ಷದ ತೋಪಿನಲ್ಲಿ ಅದೇ 20 ಸೆಂ.ಮೀ.ಯದು ಹಿಂದೆ ಬಿದ್ದು, ಸುತ್ತಲಿನವರ ನೆರಳಿನಲ್ಲಿ ಕುತ್ತಿಗೆ ಚಾಚಿ ಬೆಳೆದದ್ದು. ವ್ಯಾಸ ಒಂದೇ ಆದರೂ ಎರಡನೆಯದು ಎತ್ತರ ಹೆಚ್ಚು. ಅಂದರೆ ತೋಪಿಗೆ ವಯಸ್ಸಾದಂತೆ ಇಡೀ ವಕ್ರರೇಖೆಯೇ ಮೇಲಕ್ಕೆ ಸರಿಯುತ್ತದೆ, ಯಾವ ಮರವೂ ಆ ರೇಖೆಯ ಮೇಲೆ ನಡೆದು ದೊಡ್ಡದಾಗುವುದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ: ಇವತ್ತಿನ ರೇಖೆ ತೋರಿಸುವುದು ಇವತ್ತು ಅಕ್ಕಪಕ್ಕ ನಿಂತಿರುವ ತೆಳ್ಳಗಿನ ಮತ್ತು ದಪ್ಪನೆಯ ಮರಗಳನ್ನು, ತೆಳ್ಳಗಿನದು ನಾಳೆ ದಪ್ಪವಾದಾಗ ಎಷ್ಟು ಎತ್ತರವಿರುತ್ತದೆ ಎಂಬುದನ್ನಲ್ಲ.

ಒತ್ತೊತ್ತಾಗಿ ನೆಟ್ಟಲ್ಲಿ ಅದೇ ವ್ಯಾಸಕ್ಕೆ ಎತ್ತರ ಹೆಚ್ಚು, ವಿರಳವಾದಲ್ಲಿ ಕಡಿಮೆ. ನಡುನಡುವೆ ಮರ ಕಡಿದು ತೆರವು ಮಾಡಿದರೆ ಉಳಿದವು ಮೊದಲು ದಪ್ಪವಾಗುತ್ತವೆ, ಎತ್ತರದಲ್ಲಿ ಅಷ್ಟಾಗಿ ಬದಲಾವಣೆ ಕಾಣುವುದಿಲ್ಲ. ಮಣ್ಣಿನ ಆಳವಂತೂ ನಮ್ಮಲ್ಲಿ ಹತ್ತು ಹೆಜ್ಜೆಗೆ ಬದಲಾಗುತ್ತದೆ: ಪದವಿನ ನೆತ್ತಿಯಲ್ಲಿ ಮುರಕಲ್ಲು ಮೇಲೆಯೇ ಎದ್ದು ಕಾಣುತ್ತಿರುತ್ತದೆ, ಬೈಲಿನ ಕಡೆಗಿನ ಇಳಿಜಾರಿನಲ್ಲಿ ಬೇರಿಗೆ ಆಳವಾದ ಮಣ್ಣು ಸಿಗುತ್ತದೆ. ಇದರ ಜೊತೆಗೆ ಗಾಳಿ. ಮಳೆಗಾಲದ ಪಡುಗಾಳಿಗೆ ಎದೆಯೊಡ್ಡಿ ನಿಂತ ಮರ ಕಾಂಡದ ಬುಡವನ್ನು ದಪ್ಪ ಮಾಡಿಕೊಂಡು ಗಿಡ್ಡಕ್ಕೆ ಉಳಿಯುತ್ತದೆ.

ಈ ಪಾಠ ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಉಡುಪಿಯ ಕಡಲಂಚಿನ ಒಂದು ಗಾಳಿಮರದ ತೋಪಿನಲ್ಲಿ, ತುದಿ ಚೆನ್ನಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ, ಸಮುದ್ರದ ಕಡೆಗಿನ ಎರಡು ಸಾಲುಗಳನ್ನು ಅಳೆದು ಇಡೀ ತೋಪಿಗೆ ರೇಖೆ ಎಳೆದಿದ್ದೆ. ಆಮೇಲೆ ಒಳಗಿನ ಸಾಲುಗಳಲ್ಲಿ ಕೆಲವು ಮರ ಕಡಿದು ನೆಲದ ಮೇಲೆ ಟೇಪು ಹಿಡಿದಾಗ ಒಂದೊಂದೂ ನನ್ನ ಲೆಕ್ಕಕ್ಕಿಂತ ಉದ್ದವಿದ್ದವು. ಉಪಕರಣ ಕೆಟ್ಟಿದೆ ಎಂದು ಎರಡು ದಿನ ವಾದಿಸಿದ್ದೆ. ಉಪಕರಣ ಸರಿಯಾಗಿಯೇ ಇತ್ತು.

ನಿಮ್ಮ ರಸ್ತೆಬದಿಯ 36 ಮರಗಳ ಬಗ್ಗೆ ನನ್ನ ಚಿಂತೆ ಇದೇ. ಅಂಚಿನ ಮರಗಳಿಗೆ ಪಕ್ಕದಿಂದ ಬೆಳಕು ಧಾರಾಳವಾಗಿ ಸಿಗುತ್ತದೆ. ಕೊಂಬೆ ಹರಡುತ್ತವೆ, ದಪ್ಪವಾಗುತ್ತವೆ, ಮೇಲಕ್ಕೆ ಓಡುವ ಅವಸರ ಅವಕ್ಕಿಲ್ಲ. ಅವುಗಳಿಂದ ಮಾಡಿದ ರೇಖೆ ಒಳಗಿನ ಮರಗಳ ಎತ್ತರವನ್ನು ಕಡಿಮೆ ಹೇಳುತ್ತದೆ, ಅಂದರೆ ನಷ್ಟ ಮಾರುವ ನಿಮಗೇ. ಸುತ್ತಳತೆಯ ಪಟ್ಟಿ ಹೇಗೂ ನಿಮ್ಮ ಬಳಿ ಪೂರ್ತಿ ಇದೆ. ಅದನ್ನು ತೆಳ್ಳಗಿನಿಂದ ದಪ್ಪಕ್ಕೆ ಜೋಡಿಸಿ ಐದಾರು ಗುಂಪು ಮಾಡಿ, ಪ್ರತಿ ಗುಂಪಿನಿಂದ ಆರೇಳು ಮರಗಳನ್ನು ಚೀಟಿ ಎತ್ತಿ ಆರಿಸಿ, ಅತಿ ದಪ್ಪದ ನಾಲ್ಕೈದನ್ನು ಕಡ್ಡಾಯವಾಗಿ ಸೇರಿಸಿ. ಹೊಸದಾಗಿ 40 ಮರ ಅಳೆದರೆ ಸಾಕು, ಆದರೆ ಅವು ತೋಪಿನ ಒಳಗಿನವಾಗಿರಬೇಕು. ಹಳೆಯ 36 ವ್ಯರ್ಥವಲ್ಲ. ಅಂಚಿನ ಸಾಲಿಗೆ ಅವೇ ಪ್ರತ್ಯೇಕ ರೇಖೆಯಾಗುತ್ತವೆ.

ಎತ್ತರ ಅಳೆಯುವ ಕ್ರಮದಲ್ಲೂ ಒಂದು ಎಚ್ಚರಿಕೆ ಬೇಕು. ಮರದಿಂದ 15 ಮೀಟರ್ ದೂರ ನಿಂತು ಕ್ಲೈನೋಮೀಟರಿನಲ್ಲಿ ಅಥವಾ ಮೊಬೈಲಿನ ಕೋನ ಅಳೆಯುವ ಆ್ಯಪಿನಲ್ಲಿ ತುದಿಗೆ 40 ಡಿಗ್ರಿ ಮೇಲೆ, ಬುಡಕ್ಕೆ 5 ಡಿಗ್ರಿ ಕೆಳಗೆ ಎಂದು ಬಂದರೆ, ಎರಡು ಕೋನಗಳ ಟ್ಯಾಂಜೆಂಟ್ ಕೂಡಿಸಿ 15ರಿಂದ ಗುಣಿಸಿದಾಗ ಎತ್ತರ 13.9 ಮೀಟರ್. ಪೈನ್‌ನಲ್ಲಿ ತುದಿ ಕಾಂಡದ ನೇರಕ್ಕೆ ಇರುವುದರಿಂದ ಇಷ್ಟಕ್ಕೇ ಮುಗಿಯಿತು. ಅಕೇಶಿಯಾದ ತಲೆ ಕೊಡೆಯಂತೆ ಹರಡಿರುತ್ತದೆ. ನಿಮ್ಮ ಕಡೆಗೆ ಎರಡು ಮೀಟರ್ ಚಾಚಿದ ಕೊಂಬೆಯನ್ನೇ ತುದಿಯೆಂದು ಭ್ರಮಿಸಿ ಅದೇ 40 ಡಿಗ್ರಿ ಓದಿದರೆ, ಆ ಕೊಂಬೆ ಇರುವುದಕ್ಕಿಂತ 1.7 ಮೀಟರ್ ಹೆಚ್ಚು ಬರೆದುಕೊಂಡಿರುತ್ತೀರಿ. ಆದ್ದರಿಂದ ಮರದ ಎತ್ತರಕ್ಕಿಂತ ಹತ್ತಿರ ಎಂದೂ ನಿಲ್ಲಬೇಡಿ, ಎರಡು ಬೇರೆ ದಿಕ್ಕುಗಳಿಂದ ಓದಿ, ಒಬ್ಬರು ಕಾಂಡ ಅಲುಗಿಸಿದರೆ ನಿಜವಾದ ತುದಿ ಯಾವುದೆಂದು ತೆಳ್ಳಗಿನ ಮರಗಳಲ್ಲಾದರೂ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ದೂರವನ್ನು ನೆಲದ ಮೇಲೆ ಹಾಸಿದ ಟೇಪಿನಿಂದ ತೆಗೆದುಕೊಳ್ಳದೆ ಟೇಪನ್ನು ಮಟ್ಟಸವಾಗಿ ಹಿಡಿದು ಅಳೆಯಬೇಕು.

ಕವಲಿನ ವಿಷಯ ಅಕೇಶಿಯಾದ್ದೇ ವಿಶೇಷ ತಲೆನೋವು. 1.37 ಮೀಟರಿನ ಕೆಳಗೆ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆ ಮರವೆಂದು ಎಣಿಸುವುದು, ಮೇಲೆ ಒಡೆದಿದ್ದರೆ ಒಂದೇ ಮರ, ಇದು ರೂಢಿಯ ನಿಯಮ. ಆದರೆ ಒಂದೇ ಬುಡದ ಮೂರು ಕವಲುಗಳು ಎತ್ತರದಲ್ಲಿ ಒಂಟಿ ಮರಕ್ಕೆ ಹೆಚ್ಚುಕಡಿಮೆ ಸಮವಾಗಿದ್ದು ವ್ಯಾಸದಲ್ಲಿ ಬಹಳ ಕಡಿಮೆ ಇರುವುದರಿಂದ, ಅವು ರೇಖೆಯ ಎಡತುದಿಯನ್ನು ಮೇಲಕ್ಕೆ ಎತ್ತಿಬಿಡುತ್ತವೆ. ಒಂಟಿ ಕಾಂಡದ ಮರಗಳಿಗೆ ಒಂದು ರೇಖೆ, ಕವಲಿನವಕ್ಕೆ ಇನ್ನೊಂದು ಎಂದು ಬೇರ್ಪಡಿಸುವುದೇ ಮೇಲು. ಗಾಳಿಗೆ ತುದಿ ಮುರಿದ ಮರಗಳನ್ನು ರೇಖೆ ಹೊಂದಿಸುವಾಗ ಸೇರಿಸಬೇಡಿ. ಮರಮಟ್ಟಿನ ಲೆಕ್ಕದಲ್ಲಿ ಅವುಗಳನ್ನು ಅಳೆದಷ್ಟೇ ಎತ್ತರಕ್ಕೆ ಹಿಡಿಯಿರಿ.

ಪದವಿನ ನೆತ್ತಿ ಮತ್ತು ಇಳಿಜಾರು ನಿಜಕ್ಕೂ ಬೇರೆಬೇರೆಯಾಗಿ ಕಂಡರೆ ಪ್ರತಿಯೊಂದಕ್ಕೂ 40 ಮರ ಅಳೆಯಬೇಕೇ ಎಂದು ಕೇಳುತ್ತೀರಿ. ಬೇಡ. ಈ ತೊಡಕನ್ನೂ ಪೈನ್‌ನವರೇ ಬಿಡಿಸಿಟ್ಟಿದ್ದಾರೆ. 2004ರಲ್ಲಿ ಕಲಾಮಾ ಮತ್ತು ಮೊಂಟೆರೊ ಸ್ಪೇನಿನ ಪೈನಸ್ ಪೈನಿಯಾ ಕಾಡುಗಳಿಗೆ ಮಾಡಿದ ಮಾದರಿಯಲ್ಲಿ ಗುಣಾಂಕಗಳಿಗೆ ಎರಡು ಭಾಗ: ಕಾಡಿನ ಎಲ್ಲ ತುಂಡುಗಳಿಗೂ ಸಮಾನವಾದದ್ದೊಂದು, ಆಯಾ ತುಂಡಿಗೆ ಸೇರಿದ ಏರಿಳಿತದ್ದೊಂದು. ಹೊಸ ತುಂಡಿನಲ್ಲಿ ಬೆರಳೆಣಿಕೆಯ ಮರಗಳ ಎತ್ತರ ಅಳೆದರೆ ಸಾಕು, ಆ ತುಂಡಿನ ಏರಿಳಿತವನ್ನು ಅಂದಾಜು ಮಾಡಿ ಇಡೀ ರೇಖೆಯನ್ನು ಸರಿಸಬಹುದು. ನಿಮ್ಮ ಮಗಳು ಆರ್‌ನಲ್ಲಿ ಮಿಶ್ರ ಪರಿಣಾಮಗಳ ಮಾದರಿಯನ್ನು ಕಲಿತಿದ್ದರೆ ಇದು ಅವಳಿಗೆ ಒಳ್ಳೆಯ ಅಭ್ಯಾಸ. ಅಷ್ಟು ಬೇಡವೆಂದರೆ ಪ್ರತಿ ತುಂಡಿನ ಅತಿ ದಪ್ಪ ಮರಗಳ ಸರಾಸರಿ ಎತ್ತರವನ್ನು ಸೂತ್ರದೊಳಗೆ ಇನ್ನೊಂದು ಅಂಶವಾಗಿ ಸೇರಿಸುವ ಕ್ರಮವೂ ಇದೆ. ಹೆಕ್ಟೇರಿಗೆ 100 ದಪ್ಪ ಮರಗಳು ಎಂಬುದು ರೂಢಿ. ಎಕರೆಗೆ ಸುಮಾರು 40 ಆಗುತ್ತವೆ. ಆ ಪ್ರದೇಶದ ಮಣ್ಣು, ವಯಸ್ಸು ಎರಡರ ಗುಣವೂ ಆ ಒಂದು ಸಂಖ್ಯೆಯಲ್ಲಿ ಬಹುಮಟ್ಟಿಗೆ ಅಡಗಿರುತ್ತದೆ.

ಎತ್ತರದ ಅರ್ಧ ಮೀಟರಿಗೆ ಇಷ್ಟು ಕಷ್ಟಪಟ್ಟ ಮೇಲೆ ವ್ಯಾಪಾರಿಯ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದದಿಂದ ಗುಣಿಸುವ ಹಳೆಯ ಕ್ರಮವು ಉರುಟು ದಿಮ್ಮಿಯ ನಿಜವಾದ ಘನ ಅಳತೆಯ ಶೇ. 78.5ರಷ್ಟನ್ನು ಮಾತ್ರ ಕೊಡುತ್ತದೆ. ಅದು ಮೋಸವಲ್ಲ, ಕೊಯ್ತದಲ್ಲಿ ಹೋಗುವುದನ್ನು ಮೊದಲೇ ಕಳೆಯುವ ರೂಢಿ. ಆದರೆ ನಿಮ್ಮ ಲೆಕ್ಕವೂ ಅವರ ಲೆಕ್ಕವೂ ಒಂದೇ ಕ್ರಮದಲ್ಲಿರಬೇಕು.

ಅಳತೆಗೆ ಮೇ ತಿಂಗಳ ಒಳಗಿನ ಗಾಳಿಯಿಲ್ಲದ ಬೆಳಗಿನ ಹೊತ್ತೇ ಸರಿ. ಜೂನ್ ಹಿಡಿದ ಮೇಲೆ ತುದಿ ಒಂದು ಕ್ಷಣ ನಿಲ್ಲುವುದಿಲ್ಲ. ಅರ್ಧ ತೋಪನ್ನು ಮಾತ್ರ ಮಾರಿ ಉಳಿದರ್ಧವನ್ನು ಇನ್ನೂ ನಾಲ್ಕೈದು ವರ್ಷ ಬಿಡುವ ಯೋಚನೆಯಿದ್ದರೆ, ಅಳೆದ 40 ಮರಗಳ ಪೈಕಿ ಉಳಿಯುವವುಗಳಿಗೆ 1.37 ಮೀಟರಿನಲ್ಲಿ, ಇಳಿಜಾರಿನ ಮೇಲ್ಬದಿಯಿಂದ ಅಳೆದು, ಪೈಂಟಿನ ಒಂದು ಪಟ್ಟಿಯನ್ನೂ ಸಂಖ್ಯೆಯನ್ನೂ ಹಾಕಿಡಿ. ಆಗ ಹೊಸ ರೇಖೆಯನ್ನು ಅದೇ ಮರಗಳ ಮೇಲೆ, ಅದೇ ಜಾಗದಲ್ಲಿ ಟೇಪು ಸುತ್ತಿ ಎಳೆಯಬಹುದು.